ಪಿನಿಯನ್ನಿನ ಬಿಸಿ ತುದಿ

ಕುಷಾಯಿಗೂಡದ ನಮ್ಮ ಬಾಡಿಗೆ ಮನೆಯಿಂದ ಆ ಕಾರ್ಖಾನೆಗೆ ಒಂದೂವರೆ ತಾಸಿನ ದಾರಿ. ಅಲ್ಲಿ ಕಲ್ಲು ಅರೆದು ಪುಡಿ ಮಾಡುವ ದೊಡ್ಡ ಮಿಲ್ಲೊಂದು ಎರಡು ತಿಂಗಳಿಂದ ಅದುರುತ್ತಿತ್ತು. ಯಂತ್ರ ಯಾಕೆ ಅದುರುತ್ತದೆಂದು ಅಳೆದು ಹೇಳುವುದು ನನ್ನ ಕೆಲಸ.

ಅಲ್ಲಿನ ರಿಪೇರಿ ವಿಭಾಗದ ಮುಖ್ಯಸ್ಥರು ನನ್ನನ್ನು ಮುಕ್ಕಾಲು ತಾಸು ಗೇಟಿನಲ್ಲೇ ನಿಲ್ಲಿಸಿದರು. ಆಮೇಲೆ ಬಂದು, ಪಾಸಿನ ಮೇಲೆ ಬರೆದಿದ್ದ ನನ್ನ ಊರು ನೋಡಿ ತೆಲುಗು ಬಿಟ್ಟು ಕನ್ನಡಕ್ಕೆ ತಿರುಗಿದರು. ಅವರೂ ಕಲಬುರಗಿ ಕಡೆಯವರೇ.

“ಹೆಣ್ಮಕ್ಕಳು ಕಂಪ್ಯೂಟರ್ ಕೆಲಸಕ್ಕ ಹೋಗ್ತಾರ. ನೀ ಯಾಕ ಈ ಗ್ರೀಸಿನಾಗ ಬಂದಿ?”

“ನಿಮ್ಮ ಮಾಲೀಕರು ಕರೆಸ್ಯಾರರಿ.”

“ಬೇರಿಂಗ್ ಎರಡು ಸಲ ಬದಲಿ ಮಾಡೀನಿ. ಈಗೂ ಬೇರಿಂಗೇ ಕೆಟ್ಟೈತಿ ಅಂತ ಬರೆದು ಕೊಟ್ಟು ಹೋಗು.”

ನಾನು ಒಳಗೆ ನಡೆದೆ. ಮಿಲ್ಲಿನ ಹೊಟ್ಟೆಗೆ ಸುತ್ತಲೂ ಹಲ್ಲಿನ ದೊಡ್ಡ ಗಾಲಿ. ಅದನ್ನು ತಿರುಗಿಸುವುದು ಪಿನಿಯನ್ ಎಂಬ ಸಣ್ಣ ಗೇರು. ಸೆನ್ಸರ್ ಹಚ್ಚಿ ನೋಡಿದೆ. ಅದುರು ಬೇರಿಂಗಿನದಲ್ಲ, ಹಲ್ಲಿಗೆ ಹಲ್ಲು ಸರಿಯಾಗಿ ಕೂಡದ್ದು. ಊಟ ಮುಗಿಸಿ ಬರುವಷ್ಟರಲ್ಲಿ ಸೆನ್ಸರಿನ ವೈರು ತುಂಡಾಗಿತ್ತು.

“ಇಲಿ ಕಡಿದಿರಬೇಕು,” ಎಂದರು ಮುಖ್ಯಸ್ಥರು. ಪಕ್ಕಡಿನಿಂದ ಕತ್ತರಿಸಿದ ನೀಟಾದ ತುದಿ ನನ್ನ ಕೈಯಲ್ಲೇ ಇತ್ತು.

ಚೀಲದಲ್ಲಿ ದೂರದಿಂದಲೇ ಶಾಖ ಅಳೆಯುವ ಗನ್ ಉಳಿದಿತ್ತು. ಪಿನಿಯನ್ನಿನ ಎರಡೂ ತುದಿ ಹೆಚ್ಚುಕಡಿಮೆ ಒಂದೇ ಬಿಸಿ ಇರಬೇಕು. ಇಲ್ಲಿ ಮೋಟಾರಿನ ಕಡೆಯದು ಮಾತ್ರ ಸುಡುತ್ತಿತ್ತು. ಪಿನಿಯನ್ ವಾರೆ ಕೂತು, ಭಾರವೆಲ್ಲ ಅದೊಂದೇ ತುದಿಯ ಮೇಲೆ ಬೀಳುತ್ತಿತ್ತು. ಹಾಗೆಂದು ಹೇಳಿದೆ.

“ನಿನ್ನ ಗನ್ ಕೆಟ್ಟೈತಿ.”

“ಮಿಲ್ ನಿಲ್ಲಿಸಿ ಹಲ್ಲು ನೋಡಿಬಿಡೋಣ,” ಎಂದು, ಎಲ್ಲರಿಗೂ ತಿಳಿಯಲಿ ಅಂತ ಬೇಕೆಂದೇ ತೆಲುಗಿನಲ್ಲಿ ಹೇಳಿದೆ. ಫಿಟ್ಟರ್‌ಗಳೆಲ್ಲ ತಲೆ ಎತ್ತಿದರು. ಮುಖ್ಯಸ್ಥರ ಮುಖ ಬಿಗಿಯಿತು. ನಾನು ಅಲ್ಲಿಂದಲೇ ಮಾಲೀಕರಿಗೆ ಫೋನ್ ಮಾಡಿದೆ.

ಮರುದಿನ ಬೆಳಿಗ್ಗೆ ಮಾಲೀಕರ ಎದುರಿಗೇ ಮಿಲ್ ನಿಲ್ಲಿಸಿ ಗ್ರೀಸ್ ಒರೆಸಿದರು. ಹಲ್ಲುಗಳ ಒಂದು ತುದಿ ಸವೆದು ಕನ್ನಡಿಯಂತೆ ಹೊಳೆಯುತ್ತಿತ್ತು. ಇನ್ನೊಂದು ತುದಿಗೆ ಏನೂ ತಾಗಿರಲಿಲ್ಲ. ಪಿನಿಯನ್ ಕೂತಿದ್ದ ಬೇರಿಂಗಿನ ಪೀಠದ ಕೆಳಗಿನ ಗಾರೆ ಬಿರುಕು ಬಿಟ್ಟು ಒಂದು ಬದಿ ಕುಸಿದಿತ್ತು.

“ಇದನ್ನು ಕೂರಿಸಿದವರು ಯಾರು?” ಎಂದರು ಮಾಲೀಕರು.

ವಯಸ್ಸಾದ ಫಿಟ್ಟರ್ ಒಬ್ಬರು ಮುಖ್ಯಸ್ಥರ ಕಡೆ ನೋಡಿ ಕಣ್ಣು ತಗ್ಗಿಸಿದರು. ನಾನು ಸುಮ್ಮನಿರಬಹುದಿತ್ತು. ಇರಲಿಲ್ಲ.

“ರಿಪೇರಿ ರಿಜಿಸ್ಟರ್ ತರಿಸಿ. ಸಹಿ ಇರುತ್ತದೆ,” ಎಂದೆ.

ಸಹಿ ಮುಖ್ಯಸ್ಥರದೇ. ಅಷ್ಟು ಜನರೆದುರು ಅವರು ಅದನ್ನು ಓದಿ ಹೇಳಬೇಕಾಯಿತು. ನನಗೆ ಖುಷಿಯಾಯಿತು, ಆ ಖುಷಿಗೆ ಇವತ್ತಿಗೂ ನಾಚಿಕೆಯಿಲ್ಲ.

ಪೀಠ ಹೊಸದಾಗಿ ಕೂರಿಸಿದ ಮೇಲೆ ಅದುರು ಇಳಿಯಿತು. ದೋಷ ಕಂಡುಹಿಡಿದದ್ದು ರಿಪೇರಿ ವಿಭಾಗವೆಂದು ಕಾರ್ಖಾನೆಯವರು ತಮ್ಮ ವರದಿಯಲ್ಲಿ ಬರೆದುಕೊಂಡರು. ನನ್ನನ್ನು ಮತ್ತೆ ಕರೆಯಲಿಲ್ಲ. ಕೊನೆಯ ದಿನ ಮುಖ್ಯಸ್ಥರು ಗೇಟಿನ ತನಕ ಬಂದರು.

“ನಮ್ಮ ಕಡೆಯಾಕಿ ಅಂತ ಒಂದು ಕಪ್ ಚಾ ಕುಡಿಸಬೇಕಂತಿದ್ದೆ. ನೀ ಅದಕ್ಕೂ ಲಾಯಕ್ ಇಲ್ಲ.”

“ಕುಡಿಸಿದ್ರೂ ಕುಡೀತಿರಲಿಲ್ಲರಿ,” ಎಂದು ಹೇಳಿ ಆಟೋ ಹತ್ತಿದೆ.