ಗಾಳಿ ಇಳಿಸಿದ್ದು ಯಾರು?

ನನಗಿಂತ ಮೊದಲು ನನ್ನ ಮೊಣಕಾಲುಗಳು ನಾಟಕ ಬಿಟ್ಟವು. ಬಳ್ಳಾರಿ ಸುತ್ತಿನ ನಾಟಕಗಳಿಗೆ ಕಾಲುಪೇಟಿ ಬಾರಿಸಿಕೊಂಡು ಬದುಕಿದವನು ನಾನು. ಕಾಲುಪೇಟಿ ಎಂದರೆ ಹಾರ್ಮೋನಿಯಂನ ಅಣ್ಣ. ಮೇಲೆ ಎರಡೂ ಕೈ ಸ್ವರ ಹುಡುಕುತ್ತಿದ್ದರೆ ಕೆಳಗೆ ಎರಡೂ ಕಾಲು ಒಂದೇ ಸಮ ತುಳಿದು ಗಾಳಿ ತುಂಬಬೇಕು. ತುಳಿದೂ ತುಳಿದೂ ಮೊಣಕಾಲು ಸವೆದವು. ಈಗ ಸತ್ಯನಾರಾಯಣಪೇಟೆಯ ಮನೆಯಲ್ಲಿ ಲ್ಯಾಪ್‌ಟಾಪ್, ಅದಕ್ಕೊಂದು ಪುಟ್ಟ ಕೀಬೋರ್ಡು, ಒಳಗೊಂದು ಬೇಕಾದ ವಾದ್ಯದ ದನಿ ಹೊರಡಿಸುವ ಸಾಫ್ಟ್‌ವೇರ್ ಸಿಂಥಸೈಜರ್. ಇದಕ್ಕೆ ಕಾಲು ಬೇಡ, ತಾಳ್ಮೆ ಬೇಕು. ಅದು ನನ್ನಲ್ಲಿ ಮೊದಲೇ ಕಡಿಮೆ. ಈ ವಯಸ್ಸಿನಲ್ಲಿ ಮತ್ತೆ ಅ ಆ ಇ ಈ ತಿದ್ದುವುದೆಂದರೆ ನಿಜವಾಗಿಯೂ ಬೇಸರ.

ಆದರೂ ಬಿಡಲಿಲ್ಲ. ಕಾರಣ, ಕುರುಗೋಡಿನ ಅಕ್ಕ. ಒಡಹುಟ್ಟಿದವರಲ್ಲ, ನಮ್ಮ ತಂಡದ ಹಿರಿಯ ನಟಿ, ಎಲ್ಲರಿಗೂ ಅಕ್ಕ. ಅವರ ಹಾಡಿಗೆ ನನ್ನ ಪೇಟಿಯೇ ಆಗಬೇಕು. ಸಿರುಗುಪ್ಪದಲ್ಲಿ ಒಂದು ಸಂಜೆ ನಾಟಕ ಒಪ್ಪಿಕೊಂಡಾಗ, "ಕಾಲಿಲ್ಲಂದ್ರೇನು, ಕೈ ಅದಾವಲ್ಲ, ಬಾ" ಎಂದರು. ಲ್ಯಾಪ್‌ಟಾಪ್ ಹೆಗಲಿಗೆ ಹಾಕಿಕೊಂಡು ಬಸ್ಸು ಹತ್ತಿದೆ.

ನಮ್ಮ ನಾಟಕದವರಲ್ಲಿ 'ಗಾಳಿ ಇಳಿಸೋದು' ಎಂಬ ಮಾತಿದೆ. ಹಾಡು ಉದ್ದವಾಯಿತು, ಎದುರು ಪಾತ್ರ ಪರದೆಯ ಬದಿಗೆ ಬಂದು ನಿಂತಿತು ಎನ್ನಿ, ಪೇಟಿ ಮಾಸ್ತರ ತುಳಿಯುವುದನ್ನು ಸಡಿಲ ಬಿಡುತ್ತಾನೆ. ದನಿ ಕುಗ್ಗುತ್ತದೆ. ಹಾಡುವವರು ಅದನ್ನು ಕೇಳಿಸಿಕೊಂಡು ಆ ಸಾಲಿಗೇ ಹಾಡು ಮುಗಿಸಿ ಮಾತಿಗೆ ಇಳಿಯುತ್ತಾರೆ. ನೋಡುವವರಿಗೆ ಗೊತ್ತೇ ಆಗುವುದಿಲ್ಲ. ಅಕ್ಕ ಹೀಗೆ ಪೇಟಿಯ ಕಡೆ ತಿರುಗಿಯೂ ನೋಡದೆ ಕಿವಿಯ ಮೇಲೆಯೇ ರಂಗ ಆಳಿದವರು.

ಆ ಸಂಜೆ ಅಕ್ಕ ಅರ್ಧ ಹಾಡಿಗೇ ನಿಂತುಬಿಟ್ಟರು. ಪಲ್ಲವಿ ಮುಗಿದು ಎರಡನೇ ಚರಣದ ನಡುವೆ, ಒಂದೇ ಪಂಚಮವನ್ನು ಮೇಲಿಂದ ಮೇಲೆ ಒತ್ತುವ ಜಾಗ. ತಟ್ಟನೆ ಮಾತು ಶುರು ಮಾಡಿದರು. ಎದುರು ಪಾತ್ರ ಇನ್ನೂ ಬಂದಿರಲೇ ಇಲ್ಲ. ಖಾಲಿ ರಂಗಕ್ಕೆ ಮಾತಾಡಿ, ಗಾಬರಿಯಾಗಿ ಸುಮ್ಮನಾದರು. ಮುಂದಿನ ಸಾಲಿನಲ್ಲಿ ಯಾರೋ ನಕ್ಕರು.

"ನೀನ ಗಾಳಿ ಇಳಿಸಿದಿ ಮಾಸ್ತರ" ಎಂದರು, ಒಳಗೆ ಬಂದ ಮೇಲೆ.

"ಇಲ್ಲಕ್ಕ, ನಾ ಇಳಿಸಿಲ್ರಿ" ಎಂದೆ. ನಿಜವನ್ನೇ ಹೇಳಿದ್ದೆ. ಇಳಿಸಲು ಅಲ್ಲಿ ತುಳಿಯುವುದೇ ಇರಲಿಲ್ಲವಲ್ಲ.

"ಕುಣಿಯಾಕ ಬರದಾಕಿ ನೆಲ ಡೊಂಕ ಅಂದ್ಲಂತ" ಎಂದು ತಂಡದವನೊಬ್ಬ ಚುಡಾಯಿಸಿದ. ಬೇರೆ ದಿನವಾಗಿದ್ದರೆ ಅಕ್ಕ ಅವನ ನೀರಿಳಿಸುತ್ತಿದ್ದರು. ಆವತ್ತು ಬಣ್ಣ ಒರೆಸಿಕೊಳ್ಳುತ್ತ, "ಖರೇನ. ಕಿವಿ ಹೋದ್ವು ನನ್ನವು. ಇನ್ನ ಸಾಕ್ರಪ" ಎಂದು ಎದ್ದರು. ಆಮೇಲೆ ಯಾರು ಕರೆದರೂ ಬರಲಿಲ್ಲ. ಫೋನಿನಲ್ಲೂ ಅದೇ ಮಾತು, ಕಿವಿ ಹೋದವು.

ನನಗೆ ಕೂತಲ್ಲಿ ನಿಂತಲ್ಲಿ ಅದೇ ಕೊರಗು. ಯಾರೋ ಮೊಬೈಲಿನಲ್ಲಿ ಹಿಡಿದಿದ್ದ ಆ ಹಾಡನ್ನು ತರಿಸಿ ಕೇಳಿದೆ. ಪಂಚಮ ಬಂದ ಕೂಡಲೇ ಪೇಟಿಯ ದನಿ ಕುಗ್ಗಿತ್ತು. ತುಳಿಯುವುದನ್ನು ಸಡಿಲಿಸಿದರೆ ಹೇಗೋ ಹಾಗೆಯೇ. ರಂಗದ ಮೇಲೆ ನನ್ನದೇ ಬೆರಳಿನ ಗಡಿಬಿಡಿಯಲ್ಲಿ ನನಗದು ಕೇಳಿರಲಿಲ್ಲ.

ಕಾರಣ ಸಿಕ್ಕಿದ್ದು ಸಾಫ್ಟ್‌ವೇರಿನ ಎನ್ವೆಲಪ್ ಎಂಬ ಭಾಗದಲ್ಲಿ. ಕೀ ಒತ್ತಿದಾಗ ದನಿ ಎಷ್ಟು ನಿಧಾನವಾಗಿ ಏರಬೇಕು, ಎಲ್ಲಿ ನಿಲ್ಲಬೇಕು, ಬೆರಳು ಎತ್ತಿದ ಮೇಲೆ ಹೇಗೆ ಇಳಿಯಬೇಕು ಎಂಬುದನ್ನೆಲ್ಲ ಅದೇ ನೋಡಿಕೊಳ್ಳುತ್ತದೆ. ಕಾಲುಪೇಟಿಯ ಹಾಗೆ ಮೆತ್ತಗಿರಲಿ ಎಂದು ನಾನು ಏರಿಕೆಯನ್ನು ನಿಧಾನ ಇಟ್ಟಿದ್ದೆ. ಆದರೆ ದನಿ ಪೂರ್ತಿ ಇಳಿಯುವ ಮೊದಲೇ ಅದೇ ಕೀಯನ್ನು ಮತ್ತೆ ಒತ್ತಿದರೆ ಈ ಪುಣ್ಯಾತ್ಮ ಏನು ಮಾಡುತ್ತಿದ್ದ? ಇದ್ದ ದನಿಯನ್ನೂ ಸೊನ್ನೆಗೆ ಬೀಳಿಸಿ ಮೊದಲಿಂದ ಏರುತ್ತಿದ್ದ. ಅರ್ಧ ಏರುವಷ್ಟರಲ್ಲಿ ನನ್ನ ಬೆರಳು ಮತ್ತೆ ಒತ್ತುತ್ತಿತ್ತು, ಅವನು ಮತ್ತೆ ಸೊನ್ನೆಗೆ. ಹೀಗಾಗಿ ದನಿ ಮೇಲೇಳಲೇ ಇಲ್ಲ. ಒಂದು ಆಯ್ಕೆ ಬದಲಿಸಿದರೆ ದನಿ ಇದ್ದ ಎತ್ತರದಿಂದಲೇ ಮುಂದೆ ಏರುತ್ತದೆ. ಇಷ್ಟೇ. ಅಂದರೆ ಈ ಸಲ ನೆಲವೇ ಡೊಂಕಾಗಿತ್ತು. ನನಗೆ ಸಿಟ್ಟು ಬಂತು, ಯಾರ ಮೇಲೆ ಎಂದು ತಿಳಿಯಲಿಲ್ಲ.

ಮರುದಿನ ಬೆಳಿಗ್ಗೆಯೇ ಕುರುಗೋಡಿಗೆ ಹೋದೆ. ಅಕ್ಕ ಕಟ್ಟೆಯ ಮೇಲೆ ಕೂತು ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದರು. ಲ್ಯಾಪ್‌ಟಾಪ್ ನೋಡಿ ಮುಖ ತಿರುಗಿಸಿದರು.

"ಒಂದ ಚರಣ ಹಾಡ್ರಿ ಅಕ್ಕ. ಆಮ್ಯಾಲ ಬೈರಿ."

ಬೇಕೆಂದೇ ಆ ಆಯ್ಕೆ ಬದಲಿಸದೆ ಸಿರುಗುಪ್ಪದ ಹಾಗೆಯೇ ಬಾರಿಸಿದೆ. ಅಕ್ಕ ಒಲ್ಲದ ಮನಸ್ಸಿನಿಂದ ಎತ್ತಿಕೊಂಡರೂ, ಅವರ ಕುಗ್ಗಿದ ದನಿಯಲ್ಲೂ ಹಾಡು ತುಂಬಿಕೊಂಡಿತ್ತು. ಪಂಚಮ ಬಂತು. ಅಕ್ಕ ಅದೇ ಜಾಗದಲ್ಲಿ ನಿಂತರು. ಕಣ್ಣು ತುಂಬಿ ಬಂದವು.

"ನೋಡಿದ್ಯಾ? ಮತ್ತ ನಿಂತೆ."

"ನಿಂದರಬೇಕಾದಲ್ಲೇ ನಿಂತೀರಿ. ಇದು ಗಾಳಿ ಇಳಿಸ್ತೈತಿ, ನನ್ನನ್ನ ಕೇಳಲಾರದ. ಆವತ್ತೂ ಇಳಿಸಿತ್ತು. ತಂಡದಾಗ ಅದು ಕೇಳಿಸಿದ್ದು ನಿಮಗ ಒಬ್ರಿಗೇ."

ಅಕ್ಕ ಖಾರದ ಕೈಯಿಂದ ಕಣ್ಣು ಒರೆಸಿಕೊಳ್ಳಲು ಹೋಗಿ, ನೆನಪಾಗಿ ಸೆರಗು ಹಿಡಿದರು. "ಹಂಗಾರ ಕಿವಿ ಅದಾವ" ಎಂದರು, ತಮಗೇ ಹೇಳಿಕೊಂಡಂತೆ.

ನಾನು ಆ ಆಯ್ಕೆ ಬದಲಿಸಿ, "ಮೊದ್ಲಿಂದ ಹಾಡ್ರಿ ಅಕ್ಕ" ಎಂದೆ.

"ಮೊದ್ಲಿಂದ ಬ್ಯಾಡೋ ಮಾಸ್ತರ. ಮೊದ್ಲಿಂದ ಏಳಾಕ ಇನ್ನ ನನಗ ಆಗಂಗಿಲ್ಲ. ಸಿರುಗುಪ್ಪದಾಗ ಎಲ್ಲಿ ನಿಂತಿದ್ನೋ ಅಲ್ಲಿಂದ ಹಿಡಿ."

ನನಗೂ ಆಗುತ್ತಿರಲಿಲ್ಲ. ನಿಂತಲ್ಲಿಂದಲೇ ಪಂಚಮ ಹಿಡಿದೆ.