ಫಕ್ರುದ್ದೀನ ಉಸ್ತಾದರ ಖಾರದ ಜರ್ಸಿ

ಎಂಬತ್ತರ ದಶಕದ ಮೊದಲಿಗೆ ರಾಣೆಬೆನ್ನೂರಿನ ಸ್ಟೇಷನ್ ರಸ್ತೆಯಲ್ಲಿ ಫುಟ್‌ಬಾಲ್ ಅಂದರೆ ಫಕ್ರುದ್ದೀನ, ಫಕ್ರುದ್ದೀನ ಅಂದರೆ ಫುಟ್‌ಬಾಲ್. ಅಪ್ಪ ದಾದಾಸಾಬರದು ಅಲ್ಲೇ ಸೈಕಲ್ ರಿಪೇರಿ ಅಂಗಡಿ. ಚೆಂಡಿಗೆ ಗಾಳಿ ಹೊಡೆಸುವುದು ಪುಕ್ಕಟೆ, ಹಾಗಾಗಿ ಓಣಿಯ ಚೆಂಡು ಸದಾ ಅವನ ಮನೆಯಲ್ಲೇ ಇರುತ್ತಿತ್ತು. ಚೆಂಡೆಂದರೆ ತನ್ನದೇ ಎಂಬ ಭಾವನೆ ಅವನಿಗೆ ಅಂಟಿದ್ದು ಅಲ್ಲಿಯೇ ಇರಬೇಕು. ಮೈದಾನದಲ್ಲೂ ಅಷ್ಟೇ. ಒಮ್ಮೆ ಕಾಲಿಗೆ ಸಿಕ್ಕಿತೆಂದರೆ ಗೋಲಿಗಾದರೂ ಹೊಡೆಯುತ್ತಿದ್ದ, ಎದುರಾಳಿಗಾದರೂ ಕಳೆದುಕೊಳ್ಳುತ್ತಿದ್ದ, ಜೊತೆಯವನಿಗೆ ಕೊಡುವ ಮಾತೇ ಇರಲಿಲ್ಲ.

ಹಾಗಂತ ಆಟಗಾರ ಸಣ್ಣವನೇನಲ್ಲ. ಹುಬ್ಬಳ್ಳಿಯ ಬಿ ಡಿವಿಷನ್ ಲೀಗಿನಲ್ಲಿ ಅವನ ಹೆಸರು ಕೇಳಿದರೆ ಗೋಲ್‌ಕೀಪರುಗಳು ಕೈಗೆ ಉಗುಳಿಕೊಂಡು ನಿಲ್ಲುತ್ತಿದ್ದರು. ಆಗ ರಾಣೆಬೆನ್ನೂರು, ಹಾವೇರಿ, ಬ್ಯಾಡಗಿ ಎಲ್ಲ ಧಾರವಾಡ ಜಿಲ್ಲೆಗೇ ಸೇರಿದ್ದವು. ಜಿಲ್ಲಾ ತಂಡದ ನೀಲಿ ಜರ್ಸಿ ತೊಡಬೇಕೆಂಬುದು ಅವನ ಒಂದೇ ಆಸೆ. ವರ್ಷವರ್ಷವೂ ಆಯ್ಕೆಗೆ ಕರೆ ಬರುತ್ತಿತ್ತು, ವರ್ಷವರ್ಷವೂ ಸಂಜೆಯ ಬಸ್ಸಿಗೆ ವಾಪಸು. ಕಡೆಯ ಸಲ ಆಯ್ಕೆಗಾರರೊಬ್ಬರು ಬೆನ್ನು ತಟ್ಟಿ, ‘ಹುಡುಗ ಛಲೋ ಆಡ್ತಾನ, ಆದ್ರ ಒಬ್ಬನ ಆಡ್ತಾನ’ ಎಂದರು. ಆ ಮಾತು ಅವನಿಗೆ ಬಹಳ ನೋವು ಕೊಟ್ಟಿತು, ಯಾಕೆಂದರೆ ಅದು ಖರೆಯಾಗಿತ್ತು.

ಖರೆ ಎಂದು ಗೊತ್ತಾದ ಮಾತ್ರಕ್ಕೆ ಬುದ್ಧಿ ಬರುತ್ತದೆಯೇ? ಎಂಬತ್ತೆಂಟರಲ್ಲಿ ಗುತ್ತಲದ ಟೂರ್ನಮೆಂಟಿನಲ್ಲಿ ಎಡಕ್ಕೆ ಗೆಳೆಯನೊಬ್ಬ ಖಾಲಿ ನಿಂತು ಕೂಗುತ್ತಿದ್ದ. ಇವನು ಕೇಳಿಸಿಕೊಳ್ಳದೆ ಇಬ್ಬರ ನಡುವೆ ನುಗ್ಗಲು ಹೋಗಿ ಮೊಣಕಾಲು ತಿರುಚಿಕೊಂಡು ಬಿದ್ದ. ಆಟ ಅಲ್ಲಿಗೆ ಮುಗಿಯಿತು. ಮರುವರ್ಷ ಬ್ಯಾಡಗಿಯ ಹಸೀನಾಬಿಯನ್ನು ಮದುವೆಯಾಗಿ, ಮಾವನ ಮೆಣಸಿನಕಾಯಿ ಅಂಗಡಿಯಲ್ಲಿ ತೂಕಕ್ಕೆ ನಿಂತ. ಊಟಕ್ಕೆ ಕೂತರೆ ಉಪ್ಪಿನಕಾಯಿ ಭರಣಿಯನ್ನೂ ಪಕ್ಕದವರಿಗೆ ದಾಟಿಸುವುದಿಲ್ಲ ಈ ಮನುಷ್ಯ, ಎಂದು ಹಸೀನಾಬಿ ಬಂದವರೆದುರು ಚೇಷ್ಟೆ ಮಾಡುತ್ತಿದ್ದಳು.

ಆದರೆ ಚೆಂಡಿನ ಹುಚ್ಚು ಬಿಡಲಿಲ್ಲ. ಪೇಟೆಯ ಹಮಾಲರನ್ನು ಕೂಡಿಸಿ ಆಟ ಕಲಿಸತೊಡಗಿದ. ಮೆಣಸಿನಕಾಯಿ ಒಣಹಾಕಿದ ದಿನಗಳಲ್ಲಿ ಕೆಂಪು ರಾಶಿಗಳ ನಡುವಿನ ಓಣಿಯೇ ಮೈದಾನ. ಹೊಸಬರು ಆ ಕಡೆ ಹಾದರೆ ಸೀನಿ ಸೀನಿ ಸುಸ್ತಾಗುತ್ತಿದ್ದರು. ಇವರು ಅದರಲ್ಲೇ ಓಡಾಡುತ್ತಿದ್ದರು. ಹೀಗೆ ಫಕ್ರುದ್ದೀನ ಫಕ್ರುದ್ದೀನ ಉಸ್ತಾದರಾದರು. ಇನ್ನು ನಾವೂ ಬಹುವಚನದಲ್ಲೇ ಕರೆಯುವುದು ಮರ್ಯಾದೆ.

ತೊಂಬತ್ತೇಳರಲ್ಲಿ ಹಾವೇರಿ ಬೇರೆ ಜಿಲ್ಲೆಯಾಯಿತು. ಹೊಸ ಜಿಲ್ಲೆಗೊಂದು ಫುಟ್‌ಬಾಲ್ ತಂಡ ಬೇಕಾಯಿತು. ಕೋಚ್ ಆಗಲು ಬೇರೆ ಯಾರೂ ಮುಂದೆ ಬರಲಿಲ್ಲವಾದ್ದರಿಂದ ಉಸ್ತಾದರ ಆಯ್ಕೆ ಅವಿರೋಧವಾಗಿ ನಡೆಯಿತು. ಮೊದಲ ಪಂದ್ಯ ಜನವರಿಯಲ್ಲಿ, ಹಾವೇರಿ ಮೈದಾನದಲ್ಲಿ, ಧಾರವಾಡದ ಮೇಲೆಯೇ.

ಮೂರು ಊರಿನ ಹುಡುಗರು ಬಂದು ಸೇರಿದರು. ರಾಣೆಬೆನ್ನೂರಿನವನ ಕಾಲಿನಿಂದ ಚೆಂಡು ಹಾವೇರಿಯವನ ಕಾಲಿಗೆ ಹೋಗಬೇಕಾದರೆ ಬಸ್ ಹಿಡಿದೇ ಹೋಗಬೇಕು. ಬ್ಯಾಡಗಿಯವರು ಬ್ಯಾಡಗಿಯವರಿಗೆ ಮಾತ್ರ ಕೊಡುವರು, ಅವರು ಸಿಗದಿದ್ದರೆ ಯಾರಿಗೂ ಇಲ್ಲ. ಪಾಸ್ ಕೊಡಿರೆಂದು ಉಸ್ತಾದರು ಗಂಟಲು ಹರಿದುಕೊಂಡರು. ಹುಡುಗರು ತಲೆಯಾಡಿಸಿ ಕೇಳುತ್ತಿದ್ದರು, ಮತ್ತೆ ಅದೇ ಆಟ. ಸೋಲಿನ ಭಯ ಉಸ್ತಾದರಿಗೆ ಇರಲಿಲ್ಲ. ಆಯ್ಕೆಗಾರರು ತಮಗೆ ಒಬ್ಬರಿಗೆ ಅಂದಿದ್ದ ಮಾತನ್ನು ಜನ ಇಡೀ ತಂಡಕ್ಕೆ ಅಂದುಬಿಟ್ಟರೆ ಎಂಬುದೇ ಅವರ ಭಯ.

ಪಂದ್ಯದ ದಿನ ಹೊಸ ಬಿಳಿ ಜರ್ಸಿಗಳನ್ನು ತರುವ ಕೆಲಸ ಬ್ಯಾಡಗಿಯ ಹಮಾಲ, ತಂಡದ ಡಿಫೆಂಡರ್ ಮಾಲತೇಶನದು. ಅವನು ತಂದ, ಗೋಣಿಚೀಲದಲ್ಲಿ. ಚೀಲವನ್ನು ಬಸ್ಸಿಗೆ ಎತ್ತಿಕೊಟ್ಟವರು ಸ್ವತಃ ಉಸ್ತಾದರು. ಬ್ಯಾಡಗಿಯ ಗಾಳಿಯಲ್ಲಿ ಎಂಟು ವರ್ಷ ಉಸಿರಾಡಿದ ಆ ಮೂಗಿಗೆ ಏನೂ ಅನ್ನಿಸಲಿಲ್ಲ.

ಹಾವೇರಿಯಲ್ಲಿ ಚೀಲದ ಬಾಯಿ ಬಿಚ್ಚಿದ್ದೇ ತಡ, ರಾಣೆಬೆನ್ನೂರಿನವರು ಒಂದು ಕಡೆ, ಹಾವೇರಿಯವರು ಒಂದು ಕಡೆ ಸೀನತೊಡಗಿದರು. ಬಿಳಿ ಜರ್ಸಿಗಳ ತುಂಬ ಕೆಂಪು ಕಲೆ. ತೊಟ್ಟು ನೋಡಿದವರು ಹೆಗಲು ಕೆರೆದುಕೊಳ್ಳುತ್ತ ಕುಣಿದರು. ಮಾಲತೇಶನಿಗೆ ಇವರಿಗೆಲ್ಲ ಏನಾಯಿತೆಂದೇ ತಿಳಿಯಲಿಲ್ಲ.

“ಮೆಣಸಿನಕಾಯಿ ತಗದ ಖಾಲಿ ಚೀಲ ಐತ್ರಿ ಉಸ್ತಾದ್ರ. ಎರಡು ಸಲ ಜಾಡ್ಸೇನಿ,” ಎಂದ.

ಬ್ಯಾಡಗಿಯಲ್ಲಿ ಅದಕ್ಕಿಂತ ಸ್ವಚ್ಛ ಚೀಲ ಇರುವುದಿಲ್ಲ ಎಂಬುದು ಉಸ್ತಾದರಿಗೂ ಗೊತ್ತಿತ್ತು. ಯಾರನ್ನು ಬೈಯುವುದು? ನಂಬರಿನ ಜರ್ಸಿ ಇಲ್ಲದಿದ್ದರೆ ಆಟವಿಲ್ಲ ಎಂದ ರೆಫರಿ. ಧಾರವಾಡದ ಕೋಚ್ ಪ್ರಭುಲಿಂಗಪ್ಪ ಹಳೇ ಪರಿಚಯದವನು, ಲೀಗಿನಲ್ಲಿ ಇವರನ್ನು ತಡೆದು ತಡೆದು ಸೋತಿದ್ದ ಡಿಫೆಂಡರ್. ಅವನು ನಗುತ್ತಲೇ, ತಮ್ಮವರು ಬೇರೆ ಬಣ್ಣ ತೊಡುತ್ತಾರೆಂದು ಹೇಳಿ ತಮ್ಮ ಹೆಚ್ಚಿನ ಜರ್ಸಿಗಳನ್ನು ತಂದುಕೊಟ್ಟ. ನೀಲಿ ಜರ್ಸಿ. ಉಸ್ತಾದರು ಒಂದನ್ನು ಕೈಗೆ ತೆಗೆದುಕೊಂಡರು. ಬಟ್ಟೆ ಮೆತ್ತಗಿತ್ತು. ಹಿಂತಿರುಗಿಸಲು ಕೈ ಬರಲಿಲ್ಲ, ಹುಡುಗರಿಗೆ ಹಂಚಲೂ ಮನಸ್ಸು ಬರಲಿಲ್ಲ. ಹೊಸ ಜಿಲ್ಲೆ ಮೊದಲ ದಿನವೇ ಹಳೇ ಜಿಲ್ಲೆಯ ಅಂಗಿ ತೊಟ್ಟು ನಿಲ್ಲುವುದೇ?

ಕ್ಯಾಪ್ಟನ್ ಅಬ್ದುಲರಜಾಕ ರಾಣೆಬೆನ್ನೂರಿನವನು, ಎಲ್ಲರಿಗಿಂತ ಹೆಚ್ಚು ಸೀನಿದವನು. ಮೂಗು ಒರೆಸಿಕೊಂಡು ಮುಂದೆ ಬಂದ.

“ಉರಿದ್ರ ಉರೀಲ್ರಿ ಉಸ್ತಾದ್ರ. ಅವರ ಅಂಗಿ ಹಾಕ್ಕೊಂಡು ಅವರ ಮ್ಯಾಲ ಹೆಂಗ ಆಡೂದ್ರಿ?”

ಉಸ್ತಾದರು ನೀಲಿ ಜರ್ಸಿಯನ್ನು ಮಡಚಿ ಪ್ರಭುಲಿಂಗಪ್ಪನ ಕೈಗೆ ಕೊಟ್ಟರು.

ಮೊದಲರ್ಧ ಹಳೇ ರಾಗವೇ. ಪ್ರತಿಯೊಬ್ಬನೂ ತನ್ನೂರಿನ ಮಾನ ಕಾಯುತ್ತ ಓಡಿದ, ಧಾರವಾಡದವರು ಆರಾಮವಾಗಿ ಎರಡು ಗೋಲು ಹೊಡೆದರು. ಉಸ್ತಾದರು ತಲೆ ತಗ್ಗಿಸಿ ಕೂತರು. ಆದರೆ ಎರಡನೇ ಅರ್ಧದ ಹೊತ್ತಿಗೆ ಬಿಸಿಲೇರಿ ಹುಡುಗರು ಬೆವರಿದ್ದರು. ಬೆವರಿಗೆ ಖಾರ ಕರಗಿ ಹೆಗಲು, ಕಂಕುಳು ಧಗಧಗ ಎನ್ನುತ್ತಿತ್ತು. ಓಡಿದಷ್ಟೂ ಅಂಗಿ ಉಜ್ಜುತ್ತಿತ್ತು, ಉಜ್ಜಿದಷ್ಟೂ ಉರಿ. ಚೆಂಡು ಹಿಡಿದುಕೊಂಡು ಓಡುವ ಹುಮ್ಮಸ್ಸು ಯಾರಲ್ಲೂ ಉಳಿಯಲಿಲ್ಲ. ಚೆಂಡು ಬಂತೋ, ಹತ್ತಿರದಲ್ಲಿ ಯಾರಿದ್ದಾರೋ ಅವರಿಗೆ ತಳ್ಳಿ ಕೈಬಿಡುವುದು. ಯಾವ ಊರು ಎಂದು ಕೇಳುವಷ್ಟು ಪುರಸೊತ್ತು ಯಾರಿಗಿತ್ತು? ಉರಿಯ ಹೆದರಿಕೆಗೆ ಆಡಿದ್ದೇ ಚೆಂದದ ಆಟವಾಗಿಬಿಟ್ಟಿತು. ಧಾರವಾಡದವರು ಚೆಂಡಿನ ಹಿಂದೆ ಓಡಿ ಓಡಿ ಬಸವಳಿದರು.

ಆಟ ಮುಗಿಯುವ ಹೊತ್ತಿಗೆ ಮಾಲತೇಶ ಹಿಂದಿನಿಂದ ಚೆಂಡನ್ನು ಹಾವೇರಿಯ ಗುಡ್ಡಪ್ಪನಿಗೆ ಕೊಟ್ಟ. ಗುಡ್ಡಪ್ಪ ಒಂದು ಕ್ಷಣವೂ ಇಟ್ಟುಕೊಳ್ಳದೆ ಅಬ್ದುಲರಜಾಕನ ಕಾಲಿಗೆ ದಾಟಿಸಿದ. ಅವನು ಹೊಡೆದ, ಬಲೆ ನಡುಗಿತು. ಮುಂದೆ ಮತ್ತೆ ಗೋಲಾಗಲಿಲ್ಲ, ಹಾವೇರಿ ಎರಡಕ್ಕೆ ಒಂದರಿಂದ ಸೋತಿತು. ಆದರೆ ಸೋತವರು ಒಬ್ಬರ ಹೆಗಲ ಮೇಲೊಬ್ಬರು ನೀರು ಸುರಿಯುತ್ತ, ಬೈದಾಡುತ್ತ, ನಗುತ್ತಿದ್ದರು.

ಪ್ರಭುಲಿಂಗಪ್ಪ ಕೈ ಕುಲುಕಲು ಬಂದಾಗ ಉಸ್ತಾದರ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಕಣ್ಣಿಗೆ ಖಾರ ಬಿದ್ದಿದ್ದರೆ ಉಜ್ಜಬೇಡ ಎಂದು ಅವನು ಕರವಸ್ತ್ರ ಕೊಟ್ಟ.

“ಖಾರ ಅಲ್ಲೋ, ಖರೇನ ಅಳಾಕತ್ತೇನಿ,” ಎಂದರು ಉಸ್ತಾದರು. “ಆ ಚೆಂಡು ಮೂರೂ ಊರು ತಿರಿಗಿ ಹೋತು, ನೋಡಿದೇನು? ನನ್ನ ಕಾಲಾಗ ಇದ್ದಿದ್ರ ಅದು ಎಲ್ಲೂ ಹೋಗ್ತಿದ್ದಿಲ್ಲ.”