ಪೀಪಾಯಿ ಹೊಕ್ಕ ಸೆರಾಫಿನ್

ನಮ್ಮ ಆಲ್ಸಾಸ್‌ನಲ್ಲಿ ವೈನ್ ಬಾಟಲಿಯ ಮೇಲೆ ದ್ರಾಕ್ಷಿಯ ಹೆಸರನ್ನೇ ಬರೆಯುತ್ತೇವೆ. ದಕ್ಷಿಣದ ಬೂರ್ಗೋನ್ ಸೀಮೆಯವರು ಊರಿನ ಹೆಸರು ಬರೆದು, ಒಳಗಿರುವುದು ಪಿನೋ ನ್ವಾರ್ ದ್ರಾಕ್ಷಿ ಎಂದು ಕುಡಿಯುವವನೇ ತಿಳಿದುಕೊಳ್ಳಲಿ ಎಂದು ಸುಮ್ಮನಾಗುತ್ತಾರೆ. ಸೆರಾಫಿನ್ ಓಬ್ರೆಖ್ಟ್‌ನಿಗೆ ಎರಡೂ ಬೇಕಿರಲಿಲ್ಲ. ಖಾಲಿ ಪೀಪಾಯಿಗೆ ಮೂಗು ತೂರಿಸಿ, "ನಿಂಬೆಸಿಪ್ಪೆ, ಒದ್ದೆ ಕಲ್ಲು, ಇದು ರೀಸ್ಲಿಂಗ್. ಆ ಗುಲಾಬಿ ಘಮದ್ದು ಗೆವುರ್ತ್ಸ್‌ಟ್ರಾಮಿನರ್" ಎಂದುಬಿಡುತ್ತಿದ್ದ.

ಅವನ ಕೇಡು ಅವನ ಮೈಯಲ್ಲೇ ಇತ್ತು. ಗಾಳಿ ಜೋರಾದ ದಿನ ಹೆಂಡತಿ ಅವನ ಜೇಬಿಗೆ ಆಲೂಗಡ್ಡೆ ತುಂಬಿ ಹೊರಗೆ ಕಳಿಸುತ್ತಿದ್ದಳು, ಅಷ್ಟು ಸಣಕಲ. ನಮ್ಮ ಪೀಪಾಯಿಗಳೋ ಕೋಣೆಯಷ್ಟು ದೊಡ್ಡವು, ಬುಡದ ಕಿಂಡಿ ಮಾತ್ರ ಊಟದ ತಟ್ಟೆಯಷ್ಟು. ಕೊಯ್ಲಿಗೆ ಮುಂಚೆ ಯಾರಾದರೂ ಒಳಗೆ ತೂರಿ ಉಜ್ಜಬೇಕು. ಹುಳಿ ಎಲೆಕೋಸು, ಹಂದಿಮಾಂಸ ತಿಂದು ಬೆಳೆದ ನಮ್ಮ ತಲೆ ಹೋದರೆ ಭುಜ ಹೋಗದು. ಹಾಗಾಗಿ ಮೂವತ್ತೊಂದು ವರ್ಷ, ಊರಿನ ಹದಿನಾಲ್ಕು ವೈನ್ ನೆಲಮಾಳಿಗೆಗಳಿಗೂ ಸೆರಾಫಿನ್ ಒಬ್ಬನೇ.

ಅವನಿಗಿದ್ದದ್ದು ಒಂದೇ ಆಸೆ: ಬೂರ್ಗೋನ್‌ನಲ್ಲಿರುವ ತಂಗಿಯ ತೋಟದಲ್ಲಿ ಒಂದು ಸಲ ಪಿನೋ ನ್ವಾರ್ ಕೊಯ್ಯಬೇಕು. ನಮ್ಮ ದ್ರಾಕ್ಷಿ ಮಾಗುವುದು ತಡ. ಅಲ್ಲಿ ಕೊಯ್ಲಿನ ವಾರವೇ ಇಲ್ಲಿ ಪೀಪಾಯಿ ತೊಳೆಯುವ ವಾರ.

"ಕಿಂಡಿ ಹಿಡಿಸದಷ್ಟು ದಪ್ಪ ಆಗ್ತೀನಿ, ನೋಡ್ತಿರು," ಎಂದು ಒಂದು ಚಳಿಗಾಲ ನನ್ನ ಬಳಿ ಶಪಥ ಮಾಡಿ ತಿನ್ನಲು ಕುಳಿತ. ವಸಂತದ ಹೊತ್ತಿಗೆ ಊರಿನ ಹಂದಿಗಳು ಅವನನ್ನು ಕಂಡರೆ ದಾರಿ ಬದಲಿಸುತ್ತಿದ್ದವು.

ಸೆಪ್ಟೆಂಬರಿನಲ್ಲಿ ವಿಧವೆ ಉರ್ಸುಲಾಳ ನೆಲಮಾಳಿಗೆಗೆ ಹೋಗಿ ಹೊಟ್ಟೆ ತೋರಿಸಿದ. "ನೋಡಿ ಮದಾಮ್, ಇನ್ನು ನನ್ನಿಂದಾಗಲ್ಲ. ನಾಳೆ ರೈಲು ಹತ್ತೋದು."

"ಹೋಗುವಿಯಂತೆ. ಒಂದ್ಸಲ ಉಸಿರು ಬಿಟ್ಟು ಕಿಂಡಿಗೆ ತೂರಿ ನೋಡಪ್ಪ, ನನ್ನ ಸಮಾಧಾನಕ್ಕೆ."

ಹಿಡಿಸುವುದಿಲ್ಲ ಎಂಬ ಧೈರ್ಯದಲ್ಲಿ ಸೆರಾಫಿನ್ ಕೈ ತೂರಿಸಿದ, ತಲೆ ತೂರಿಸಿದ, ಮರ್ಯಾದೆಗೆಂದು ಉಸಿರನ್ನೂ ಬಿಟ್ಟ. ಹಿಂದಿನಿಂದ ಉರ್ಸುಲಾ ಹೆಗಲು ಕೊಟ್ಟಳು. ಜೊತೆಗೆ ಹೋಗಿದ್ದ ನಾನೂ ಕೊಟ್ಟೆ, ಸುಳ್ಳೇಕೆ ಹೇಳಲಿ. ಒಳಗೆ ಹೋದ. ಹೊರಗೆ ಬರಲಿಲ್ಲ.

"ಇನ್ನೂ ಉಸಿರು ಬಿಡೋ," ಎಂದೆ.

"ಬಿಟ್ಟಾಯ್ತು. ಇನ್ನು ಬಿಡೋಕೆ ಪ್ರಾಣ ಒಂದೇ ಉಳಿದಿರೋದು."

"ಹಲಗೆ ಬಿಚ್ಚಿಸೋಣ ಮದಾಮ್," ಎಂದೆ.

"ನನ್ನ ಗಂಡನ ಮುತ್ತಜ್ಜ ಕಟ್ಟಿಸಿದ ಪೀಪಾಯಿ. ಬಿಚ್ಚಿದ್ರೆ ಮತ್ತೆ ಕೂಡಲ್ಲ," ಎಂದಳು ಉರ್ಸುಲಾ. "ಇವನಾದ್ರೆ ಕರಗ್ತಾನೆ."

ಕಿಂಡಿಯಿಂದ ದಿನಕ್ಕೆರಡು ಬಟ್ಟಲು ತೆಳು ಸಾರು. ಮೊದಲ ದಿನ ಒಳಗಿನಿಂದ ಬೈಗುಳ ಬಂತು. ಮೂರನೆಯ ದಿನ ಕಿವಿಗೊಟ್ಟರೆ ಕೆರೆಯುವ ಸದ್ದು: ಬೇರೆ ದಾರಿ ಕಾಣದೆ ಪೀಪಾಯಿ ತೊಳೆಯುತ್ತಿದ್ದ.

ಒಂಬತ್ತನೆಯ ದಿನ ಮೊದಲಿನಂತೆಯೇ ಸಣಕಲಾಗಿ ಹೊರಬಂದ. ಮೆಟ್ಟಿಲ ಮೇಲೆ ಉಳಿದ ಹದಿಮೂರು ಮಾಳಿಗೆಯವರು ಬ್ರಷ್ಷು ಹಿಡಿದು ಸಾಲಾಗಿ ನಿಂತಿದ್ದರು.

"ಬೂರ್ಗೋನ್‌ಗೆ ರೈಲು ಎಷ್ಟೊತ್ತಿಗೆ?" ಎಂದು ಕೇಳಿದ.

"ರೈಲಿದೆ," ಎಂದೆ. "ನಿನ್ನ ತಂಗಿ ಕಾಗದ ಬಂದಿದೆ. ಅಲ್ಲಿ ಕೊಯ್ಲು ಮೊನ್ನೆನೇ ಮುಗೀತಂತೆ."

ಸೆರಾಫಿನ್ ಸಾಲಿನ ಮುಂದೆ ನಿಂತವನ ಬ್ರಷ್ಷಿಗೆ ಕೈ ಚಾಚಿದ.

"ಕಿಂಡಿ ತೆಗೀರಿ," ಎಂದ.